ಕಾಲು ಇಂಚನ್ನು ಎಲ್ಲಿ ಅಳೆಯಬೇಕು?

ಮೂರು ಸಾಲು, ಸಾಲಿಗೆ ಮೂರು ಚೌಕ. ಹೀಗೆ ಒಂಬತ್ತು ತುಂಡುಗಳನ್ನು ಕೂಡಿಸಿ ಹೊಲಿಯುವ ‘ನೈನ್ ಪ್ಯಾಚ್’ ಬ್ಲಾಕಿನಿಂದಲೇ ಬಹಳ ಮಂದಿ ಕ್ವಿಲ್ಟ್ ಹೊಲಿಗೆ ಶುರು ಮಾಡುತ್ತಾರೆ. ಮೂರೂವರೆ ಇಂಚಿನ ಚೌಕಗಳನ್ನು ಕತ್ತರಿಸಿ, ಪ್ರತಿ ಹೊಲಿಗೆಗೂ ಕಾಲು ಇಂಚು ಬಿಟ್ಟು ಜೋಡಿಸಿದರೆ ಒಂಬತ್ತೂವರೆ ಇಂಚಿನ ಬ್ಲಾಕ್ ಸಿಗಬೇಕು. ಸುತ್ತ ಉಳಿದ ಕಾಲು ಇಂಚು ಮುಂದೆ ಪಕ್ಕದ ಬ್ಲಾಕಿನ ಹೊಲಿಗೆಯೊಳಗೆ ಹೋಗುವುದರಿಂದ ಹೊದಿಕೆಯ ಮೇಲೆ ಕಾಣುವುದು ಒಂಬತ್ತು ಇಂಚು. ಲೆಕ್ಕ ಇಷ್ಟು ಸರಳ. ಆದರೂ ಬ್ಲಾಕ್ ಮುಗಿದ ಮೇಲೆ ಸ್ಕೇಲ್ ಇಟ್ಟರೆ 9 7/16 ಇಂಚು, ಕೆಲವೊಮ್ಮೆ 9 3/8 ಇಂಚು ಬರುತ್ತದೆ. ಹಿಂಬದಿ ತಿರುಗಿಸಿ ನೋಡಿದರೆ ಹೊಲಿಗೆಯಿಂದ ಅಂಚಿಗೆ ಕಾಲು ಇಂಚೇ ಇದೆ. ಕಲಿಯುವವರು ಗೊಂದಲಕ್ಕೆ ಬೀಳುವುದು, ತಮ್ಮ ಕೈಯನ್ನೇ ಅನುಮಾನಿಸುವುದು ಇಲ್ಲಿ. ಕೈಯ ತಪ್ಪು ಇದರಲ್ಲಿ ಕಡಿಮೆ. ಅಳೆದ ಜಾಗವೇ ಬೇರೆಯಾಗಬೇಕಿತ್ತು. ಹೊಲಿದು, ಬಿಡಿಸಿ, ಇಸ್ತ್ರಿ ಒತ್ತಿದ ಮೇಲೆ ಎರಡು ಹೊಲಿಗೆಗಳ ನಡುವೆ ಮೇಲ್ಬದಿಯಲ್ಲಿ ಎಷ್ಟು ಬಟ್ಟೆ ಉಳಿಯಿತು ಎಂಬುದನ್ನು ಅಳೆಯಬೇಕು. ಆ ಅಳತೆ ಸರಿಯಿದ್ದರೆ ಹಿಂಬದಿಯ ಅಂಚು ಕಾಲು ಇಂಚಿಗಿಂತ ಒಂದೆಳೆ ಕಡಿಮೆ ಕಂಡರೂ ಚಿಂತೆಯಿಲ್ಲ.

ಟೈಲರಿಂಗ್ ಕಲಿತವರಿಗೆ ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ಮಾತೇಕೆ ಎನಿಸಬಹುದು. ಬ್ಲೌಸಿನಲ್ಲಿ ಅಳತೆ ಇರುವುದು ಚಾಕ್ ಗೆರೆಯಲ್ಲಿ. ಹೊಲಿಗೆ ಆ ಗೆರೆಯ ಮೇಲೆ ಬಿದ್ದರೆ ಆಯಿತು; ಗೆರೆಯ ಆಚೆ ಬಿಟ್ಟದ್ದು ಮುಕ್ಕಾಲು ಇಂಚೋ ಒಂದಿಂಚೋ, ಮುಂದೆ ಬಿಚ್ಚಿ ಸಡಿಲ ಮಾಡಿಕೊಳ್ಳಲು ಇಟ್ಟ ಉಳಿತಾಯ. ಕೈಯಲ್ಲಿ ತುಂಡು ಜೋಡಿಸುವವರೂ ಬಟ್ಟೆಯ ಹಿಂಬದಿಯಲ್ಲಿ ಪೆನ್ಸಿಲ್ ಗೆರೆ ಎಳೆದು ಅದರ ಮೇಲೆಯೇ ಸೂಜಿ ಓಡಿಸುತ್ತಾರೆ. ಇಂಗ್ಲಿಷ್ ಪೇಪರ್ ಪೀಸಿಂಗ್ ಎನ್ನುವ ಪದ್ಧತಿಯಲ್ಲಿ ಆರು ಮೂಲೆಯ ಕಾಗದಕ್ಕೆ ಬಟ್ಟೆಯನ್ನು ಮಡಚಿ, ಕಚ್ಚಾ ಹೊಲಿಗೆ ಹಾಕಿ, ಮಡಿಕೆಗೆ ಮಡಿಕೆ ಕೂಡಿಸುತ್ತಾರೆ. ಅಲ್ಲಿ ಅಳತೆಯನ್ನು ಕಾಗದ ಕಾಯುತ್ತದೆ, ಒಳಗೆ ಮಡಚಿದ ಬಟ್ಟೆ ಹೆಚ್ಚುಕಡಿಮೆ ಇದ್ದರೆ ಏನೂ ಕೆಡುವುದಿಲ್ಲ. ಮಷಿನ್‌ನಲ್ಲಿ ಬ್ಲಾಕ್ ಹೊಲಿಯುವಾಗ ಈ ಎರಡೂ ಆಸರೆ ಇಲ್ಲ. ನೂರಾರು ತುಂಡುಗಳ ಮೇಲೆ ಗೆರೆ ಎಳೆಯುವ ಕೆಲಸ ತಪ್ಪುತ್ತದೆಂದೇ ಮಷಿನ್‌ಗೆ ಕೂರುವುದು. 1979ರಲ್ಲಿ ಜಪಾನಿನ ಓಲ್ಫಾ ಕಂಪನಿಯ ರೋಟರಿ ಕಟರ್ ಬಂದ ಮೇಲಂತೂ ನಾಲ್ಕು ಪದರ ಬಟ್ಟೆಯನ್ನು ಒಟ್ಟಿಗಿಟ್ಟು ಪಟ್ಟಿ ಪಟ್ಟಿಯಾಗಿ ಕತ್ತರಿಸುವುದೇ ರೂಢಿಯಾಯಿತು. ಗೆರೆ ಇಲ್ಲದಿರುವಾಗ ಕತ್ತರಿಸಿದ ಅಂಚೇ ಗೆರೆಯ ಕೆಲಸ ಮಾಡಬೇಕು. ಬ್ಲೌಸಿನಲ್ಲಿ ಉಳಿತಾಯವಾಗಿದ್ದ ಮಾರ್ಜಿನ್ ಇಲ್ಲಿ ಅಳತೆಪಟ್ಟಿಯಾಗುತ್ತದೆ. ಅದರಲ್ಲಿ ಆಗುವ ತಪ್ಪೆಲ್ಲ ನೇರವಾಗಿ ಬ್ಲಾಕಿನ ಗಾತ್ರಕ್ಕೆ ಹೋಗಿ ಸೇರುತ್ತದೆ.

ಎಷ್ಟು ಸೇರುತ್ತದೆ ಎಂದು ಒಮ್ಮೆ ಕೂಡಿಸಿ ನೋಡುವುದು ಒಳ್ಳೆಯದು. ಕಾಲು ಇಂಚಿನ ಬದಲು ಅದಕ್ಕಿಂತ 1/32 ಇಂಚು ಒಳಗೆ ಹೊಲಿದಿರಿ ಎನ್ನೋಣ. ಅದು ಮಿಲಿಮೀಟರಿಗಿಂತಲೂ ಕಡಿಮೆ, ಕಣ್ಣಿಗೆ ತಪ್ಪೆಂದು ಕಾಣುವುದೇ ಇಲ್ಲ. ಆದರೆ ಪ್ರತಿ ಹೊಲಿಗೆಯಲ್ಲೂ ಎರಡು ತುಂಡುಗಳು ಕೂಡುತ್ತವೆ, ಎರಡರಿಂದಲೂ ಅಷ್ಟಷ್ಟು ಹೋಗುತ್ತದೆ. ಅಲ್ಲಿಗೆ ಒಂದು ಹೊಲಿಗೆಗೆ 1/16 ಇಂಚು ನಷ್ಟ. ಒಂಬತ್ತು ಇಂಚಿನ ಏಳು ಬ್ಲಾಕುಗಳ ಒಂದು ಸಾಲಿನಲ್ಲಿ ಅಡ್ಡಕ್ಕೆ ಇಪ್ಪತ್ತೊಂದು ಚೌಕ, ಅವುಗಳ ನಡುವೆ ಇಪ್ಪತ್ತು ಹೊಲಿಗೆ. ಇಪ್ಪತ್ತು ಹೊಲಿಗೆಗೆ ಒಂದೂಕಾಲು ಇಂಚು ಕಳೆದು, 63 ಇಂಚು ಬರಬೇಕಾದ ಅಗಲ 61 3/4 ಇಂಚಿಗೆ ನಿಲ್ಲುತ್ತದೆ. ಅಳತೆ ನೋಡಿ ಮೊದಲೇ ಕತ್ತರಿಸಿಟ್ಟ ಅಂಚುಪಟ್ಟಿ ಆಗ ಉದ್ದವಾಗುತ್ತದೆ. ಅದನ್ನು ಹೇಗೋ ಹೊಂದಿಸಿ ಕೂಡಿಸಿದರೆ ಹೊದಿಕೆಯ ಅಂಚು ಅಲೆಯಲೆಯಾಗಿ ಏಳುತ್ತದೆ.

ಇಲ್ಲಿ ಬರುವ ಮೊದಲ ಆಕ್ಷೇಪ ಬಲವಾದದ್ದೇ: ಎಲ್ಲ ಹೊಲಿಗೆಯೂ ಒಂದೇ ಅಗಲ ಇದ್ದರೆ ಸಾಲದೇ? ಎಲ್ಲ ಬ್ಲಾಕೂ ಒಂದೇ ರೀತಿ ಚಿಕ್ಕದಾದರೆ ಹೊದಿಕೆ ಒಂದಿಂಚು ಕಿರಿದಾಯಿತು, ಮಲಗಿದವರಿಗೆ ಅದು ತಿಳಿಯುವುದೇ? ಬರೀ ನೈನ್ ಪ್ಯಾಚ್ ಬ್ಲಾಕುಗಳನ್ನೇ ಒತ್ತೊತ್ತಾಗಿ ಕೂಡಿಸಿದರೆ ಈ ವಾದ ನಿಲ್ಲುತ್ತದೆ, ಒಪ್ಪಬೇಕು. ಆದರೆ ನೈನ್ ಪ್ಯಾಚನ್ನು ಹೆಚ್ಚಾಗಿ ಜೋಡಿಸುವುದು ಒಂದು ಬಿಟ್ಟು ಒಂದು, ನಡುನಡುವೆ ತುಂಡಿಲ್ಲದ ಖಾಲಿ ಚೌಕ ಇಟ್ಟು. ಖಾಲಿ ಚೌಕದೊಳಗೆ ಹೊಲಿಗೆಯೇ ಇಲ್ಲ. ಅದು ಕತ್ತರಿಸಿದಷ್ಟೇ, ಒಂಬತ್ತೂವರೆ ಇಂಚು. ಪಕ್ಕದ ನೈನ್ ಪ್ಯಾಚ್ ಎರಡು ಹೊಲಿಗೆಯಲ್ಲಿ ಎರಡು ಸಲ 1/16 ಇಂಚು ಕಳೆದುಕೊಂಡು 9 3/8ಕ್ಕೆ ಬಂದಿರುತ್ತದೆ. ಪ್ರತಿ ಜೋಡಣೆಯಲ್ಲೂ 1/8 ಇಂಚು ಹೊಂದದು. ಹನ್ನೆರಡು ಇಂಚಿನ ಎರಡು ಬೇರೆ ಬೇರೆ ಬ್ಲಾಕ್ ತೆಗೆದುಕೊಂಡರೂ ಇದೇ ಕಥೆ: ಸಾಲಿಗೆ ಮೂರು ತುಂಡಿನ ಬ್ಲಾಕಿನಲ್ಲಿ ಎರಡು ಹೊಲಿಗೆ, ಆರು ತುಂಡಿನ ಬ್ಲಾಕಿನಲ್ಲಿ ಐದು. ಒಂದೇ ಅಗಲದ ತಪ್ಪು ಮೊದಲನೆಯದನ್ನು 12 3/8ಕ್ಕೂ ಎರಡನೆಯದನ್ನು 12 3/16ಕ್ಕೂ ತಂದು ನಿಲ್ಲಿಸುತ್ತದೆ. ಬ್ಲಾಕಿನ ಒಳಗಿನ ಹೊಲಿಗೆಗಳ ಸಂಖ್ಯೆ ಒಂದೇ ಇದ್ದರೆ ಮಾತ್ರ ಒಂದೇ ರೀತಿಯ ತಪ್ಪು ತಪ್ಪಲ್ಲ.

ಹಾಗಾದರೆ ಸರಿಯಾಗಿ ಕಾಲು ಇಂಚಿಗೆ ಹೊಲಿದರೂ ಬ್ಲಾಕ್ ಚಿಕ್ಕದಾಗುವುದೇಕೆ? ಕಾರಣ ಮಡಿಕೆಯಲ್ಲಿದೆ. ಎರಡು ತುಂಡುಗಳನ್ನು ಹೊಲಿದು, ಬಿಡಿಸಿ, ಮಾರ್ಜಿನ್ನನ್ನು ಒಂದು ಬದಿಗೆ ಒತ್ತಿದಾಗ ಬಟ್ಟೆ ದಾರದ ಮೇಲೆ ಹತ್ತಿ ಇಳಿಯುತ್ತದೆ. ಬಟ್ಟೆಗೂ ದಾರಕ್ಕೂ ದಪ್ಪವಿದೆ. ಆ ದಪ್ಪವನ್ನು ಸುತ್ತಿಬರಲು ಒಂದೆರಡು ಎಳೆ ಖರ್ಚಾಗುತ್ತದೆ. ಕ್ವಿಲ್ಟಿಗೆ ಬಳಸುವ ಸಾಮಾನ್ಯ ಹತ್ತಿ ಬಟ್ಟೆಯಲ್ಲಿ ಇಂಚಿಗೆ ಸುಮಾರು ಅರವತ್ತು ಎಳೆ. ಒಂದೆಳೆ ಎಂದರೆ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಆದರೂ ಇಪ್ಪತ್ತು ಹೊಲಿಗೆಯ ಸಾಲಿನಲ್ಲಿ ಅದೂ ಕೂಡಿಕೊಳ್ಳುತ್ತದೆ. ಅದಕ್ಕೇ ಅನುಭವಸ್ಥರು ಕಾಲು ಇಂಚಿಗಿಂತ ಒಂದೆಳೆ ಕಡಿಮೆ ಬಿಟ್ಟು ಹೊಲಿಯುತ್ತಾರೆ, ಮಡಿಕೆ ತಿನ್ನುವುದನ್ನು ಮೊದಲೇ ಕೊಟ್ಟುಬಿಡುತ್ತಾರೆ. ‘ಒಂದೆಳೆ’ ಎಂಬುದು ಎಲ್ಲ ಬಟ್ಟೆಗೂ ಒಂದೇ ಆಗಿರುವುದಿಲ್ಲ. ದಪ್ಪ ನೂಲಿನ ಖಾದಿಯ ಮಡಿಕೆ ಹೆಚ್ಚು ತಿನ್ನುತ್ತದೆ, ತೆಳು ಮಲ್ಮಲ್ ಕಡಿಮೆ ತಿನ್ನುತ್ತದೆ. ಜೀನ್ಸ್ ಹೊಲಿಯುವ ದಪ್ಪ ದಾರ ಹಾಕಿದರೆ ಲೆಕ್ಕವೇ ಬೇರೆ. ಆದ್ದರಿಂದ ಎಷ್ಟು ಕಡಿಮೆ ಬಿಡಬೇಕೆಂದು ಯಾವ ಪುಸ್ತಕವೂ ಹೇಳಲಾರದು. ನಿಮ್ಮ ಬಟ್ಟೆ, ದಾರ ಮತ್ತು ಮಷಿನ್ ಹೇಳಬೇಕು.

ಅವುಗಳನ್ನು ಕೇಳುವ ವಿಧಾನ ಹತ್ತು ನಿಮಿಷದ್ದು. ನೀವು ಹೊಲಿಯಲಿರುವ ಬಟ್ಟೆಯಿಂದಲೇ ಒಂದೂವರೆ ಇಂಚು ಅಗಲ, ನಾಲ್ಕೈದು ಇಂಚು ಉದ್ದದ ಮೂರು ಪಟ್ಟಿ ಕತ್ತರಿಸಿ. ಮೂರನ್ನೂ ಉದ್ದಕ್ಕೆ ಕೂಡಿಸಿ ಹೊಲಿದು, ಮಾರ್ಜಿನ್ ಎರಡನ್ನೂ ಹೊರಬದಿಗೆ ಒತ್ತಿ ಇಸ್ತ್ರಿ ಮಾಡಿ. ಬಟ್ಟೆ ತಣ್ಣಗಾದ ಮೇಲೆ ಮೇಲ್ಬದಿಯಿಂದ ನಡುಪಟ್ಟಿಯ ಅಗಲ ನೋಡಿ: ಅದು ಸರಿಯಾಗಿ ಒಂದಿಂಚು ಇರಬೇಕು. ಒಟ್ಟು ಅಗಲ ಮೂರೂವರೆ ಇಂಚು ಇರಬೇಕೆಂಬುದೂ ನಿಜ, ಆದರೆ ನಡುಪಟ್ಟಿಯ ಮಾತೇ ಹೆಚ್ಚು ನಂಬಿಕೆಗೆ ಅರ್ಹ. ಹೊರಪಟ್ಟಿ ಕತ್ತರಿಸುವಾಗ ಆದ ತಪ್ಪು ಅದಕ್ಕೆ ಅಂಟುವುದಿಲ್ಲ. ನಡುಪಟ್ಟಿ 1/16 ಇಂಚು ಕಡಿಮೆ ಬಂದರೆ, ಆ ಕೊರತೆ ಎರಡು ಹೊಲಿಗೆಗಳಿಂದ ಕೂಡಿದ್ದು. ಹಾಗಾಗಿ ಹೊಲಿಗೆಯನ್ನು ಅಂಚಿನ ಕಡೆಗೆ ಸರಿಸಬೇಕಾದ್ದು ಅದರ ಅರ್ಧ, 1/32 ಇಂಚು ಮಾತ್ರ. ಕಂಡ ಕೊರತೆಯನ್ನೆಲ್ಲ ಒಮ್ಮೆಗೇ ಸರಿಸಿ, ಮುಂದಿನ ಪರೀಕ್ಷೆಯಲ್ಲಿ ಪಟ್ಟಿ ದೊಡ್ಡದಾಗಿ, ಮತ್ತೆ ಹಿಂದೆ ತಳ್ಳಿ ಬೇಸರಪಡುವವರು ಈ ಅರ್ಧದ ಲೆಕ್ಕ ನೆನಪಿಟ್ಟರೆ ಸಾಕು.

ಇನ್ನು ಬಟ್ಟೆಯ ಅಂಚು ಎಲ್ಲಿ ಓಡಬೇಕೆಂಬ ಗುರುತನ್ನು ಮಷಿನ್‌ನಲ್ಲಿ ನಿಲ್ಲಿಸುವುದು. ಹೆಚ್ಚಿನ ಮನೆಗಳಲ್ಲಿರುವ ಕಪ್ಪು ಬಣ್ಣದ ನೇರ ಹೊಲಿಗೆಯ ಮಷಿನ್ ಈ ಕೆಲಸಕ್ಕೆ ಬಹಳ ಒಳ್ಳೆಯದು. ಸೂಜಿ ಅಲ್ಲಾಡುವುದಿಲ್ಲ, ಪ್ಲೇಟಿನ ತೂತು ಚಿಕ್ಕದು, ಹೊಲಿಗೆ ನೆಟ್ಟಗೆ ಬರುತ್ತದೆ. ಫುಟ್‌ನ ಬಲ ಅಂಚು ಕಾಲು ಇಂಚಿಗೆ ಸರಿಹೋಗುತ್ತದೆಂದು ಊಹಿಸಿ ಕೂರಬೇಡಿ, ಅದು ಮಷಿನ್‌ನಿಂದ ಮಷಿನ್‌ಗೆ ಬೇರೆ. ಕಾಲು ಇಂಚಿನ ಗೆರೆಯಿರುವ ಪಾರದರ್ಶಕ ಸ್ಕೇಲನ್ನು ಫುಟ್ ಕೆಳಗೆ ಸರಿಸಿ, ಬಲಗಡೆಯ ಚಕ್ರವನ್ನು ಕೈಯಿಂದ ತಿರುಗಿಸುತ್ತ ಸೂಜಿಯ ತುದಿ ಆ ಗೆರೆಯನ್ನು ಮುಟ್ಟುವಷ್ಟು ಮಾತ್ರ ಇಳಿಸಿ. ಸ್ಕೇಲಿನ ಬಲ ಅಂಚು ಎಲ್ಲಿ ನಿಂತಿತೋ ಅಲ್ಲಿ ಮಷಿನ್ ಮೇಲೆ ನಾಲ್ಕೈದು ಪದರ ಮಾಸ್ಕಿಂಗ್ ಟೇಪು ಅಂಟಿಸಿ. ಒಂದೇ ಪದರವಾದರೆ ಬಟ್ಟೆ ಅದರ ಮೇಲೆ ಹತ್ತಿಬಿಡುತ್ತದೆ, ದಪ್ಪವಿದ್ದರೆ ಗೋಡೆಯಂತೆ ತಡೆಯುತ್ತದೆ. ಟೇಪು ಸೂಜಿಗಿಂತ ಎರಡು ಮೂರು ಇಂಚು ಮುಂದಕ್ಕೆ, ನಿಮ್ಮ ಕಡೆಗೆ ಚಾಚಿರಬೇಕು. ಹೊಲಿಯುವಾಗ ಕಣ್ಣು ಇರಬೇಕಾದ್ದು ಅಲ್ಲಿಯೇ. ಸೂಜಿಯನ್ನೇ ನೋಡುತ್ತ ಕೂತರೆ ಬಟ್ಟೆ ಓರೆಯಾದದ್ದು ತಿಳಿಯುವ ಹೊತ್ತಿಗೆ ಹೊಲಿಗೆ ಬಿದ್ದಾಗಿರುತ್ತದೆ. ಬಟ್ಟೆ ಎಳೆಯುವ ಹಲ್ಲುಗಳ ಮೇಲೆ ಮಾತ್ರ ಟೇಪು ಬರಕೂಡದು. ಹಳೆಯ ಮಷಿನ್‌ಗಳ ಹಲಗೆಯಲ್ಲಿ ಸೂಜಿಯ ಬಲಕ್ಕೆ ಸ್ಕ್ರೂ ತೂತು ಇರುವುದನ್ನು ನೋಡಿರುತ್ತೀರಿ. ಅದು ಕಬ್ಬಿಣದ ಗೈಡ್ ಬಿಗಿಯಲು ಮಾಡಿದ್ದು. ಆ ಗೈಡ್ ಡಬ್ಬಿಯಲ್ಲಿ ಉಳಿದಿದ್ದರೆ ಟೇಪಿಗಿಂತ ಅದೇ ಮೇಲು.

ಹೊಸ ಜಿಗ್‌ಜಾಗ್ ಮಷಿನ್ ಇರುವವರು ಸೂಜಿಯನ್ನೇ ಎಡಬಲ ಸರಿಸಿ ಹೊಂದಿಸಬಹುದು, ಅದು ಇನ್ನೂ ಸುಲಭ. ಎರಡು ಎಚ್ಚರ ಬೇಕು. ಮೊದಲನೆಯದು, ಒಂದೇ ಸಣ್ಣ ತೂತಿನ ಪ್ಲೇಟ್ ಅಥವಾ ಕಾಲು ಇಂಚಿನ ಫುಟ್ ಹಾಕಿದ್ದಾಗ ಸೂಜಿ ಸರಿಸಿದರೆ ಅದು ಲೋಹಕ್ಕೆ ಬಡಿದು ಮುರಿಯುತ್ತದೆ; ಮೊದಲು ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ. ಎರಡನೆಯದು, ಕಾಲು ಇಂಚಿನ ಫುಟ್ ಕೊಂಡರೆ ಎಲ್ಲ ಮುಗಿಯಿತೆಂಬ ನಂಬಿಕೆ. ಕಾಲು ಇಂಚಿನದೆಂದು ಮಾರುವ ಫುಟ್ ಕೂಡ ನಿಮ್ಮ ಮಷಿನ್‌ನಲ್ಲಿ ಕೂರುವಾಗ ಕೂದಲೆಳೆ ಆಚೀಚೆ ಕೂರಬಹುದು, ಮಡಿಕೆಯ ಲೆಕ್ಕವಂತೂ ಅದಕ್ಕೆ ಗೊತ್ತೇ ಇಲ್ಲ. ಮೂರು ಪಟ್ಟಿಯ ಪರೀಕ್ಷೆ ಅದಕ್ಕೂ ಬೇಕು. ಹೊಲಿಗೆಯ ಉದ್ದ ಎರಡರಿಂದ ಎರಡೂವರೆ ಮಿಲಿಮೀಟರ್ ಇಡಿ. ತುಂಡಿನ ಮೊದಲ ಮೂಲೆ ಪ್ಲೇಟಿನ ತೂತಿಗೆ ಸಿಕ್ಕಿಕೊಳ್ಳದಂತೆ, ಒಂದು ಬೇಡದ ಚೂರಿನ ಮೇಲೆ ಹೊಲಿಗೆ ಶುರು ಮಾಡಿ ದಾರ ಕತ್ತರಿಸದೆ ತುಂಡಿನ ಮೇಲೆ ಹೋಗುವುದು ಒಳ್ಳೆಯ ಅಭ್ಯಾಸ. ಕೊನೆಯ ಅರ್ಧ ಇಂಚಿನಲ್ಲಿ ಬಟ್ಟೆಯ ಬಾಲ ಪಕ್ಕಕ್ಕೆ ತಿರುಗುವುದು ಎಲ್ಲರ ಕೈಯಲ್ಲೂ ಇರುವ ಚಾಳಿ. ಅಲ್ಲಿ ವೇಗ ತಗ್ಗಿಸಿ.

ಹೊಲಿಗೆಯ ಮೇಲೆ ಬರುವ ಅಪವಾದಗಳಲ್ಲಿ ಒಂದು ಪಾಲು ನಿಜಕ್ಕೂ ಕತ್ತರಿಯದು, ಇನ್ನೊಂದು ಪಾಲು ಇಸ್ತ್ರಿಯದು. ಅಂಚೇ ಅಳತೆಪಟ್ಟಿ ಎಂದ ಮೇಲೆ ಅಂಚು ಓರೆಯಾದರೆ ಹೊಲಿಗೆ ಎಷ್ಟು ನಿಖರವಾಗಿದ್ದರೂ ಅದು ಓರೆಯನ್ನೇ ನಿಖರವಾಗಿ ಅನುಸರಿಸುತ್ತದೆ. ಒಂದು ಕೆಲಸ ಮುಗಿಯುವವರೆಗೆ ಒಂದೇ ಸ್ಕೇಲ್ ಬಳಸಿ, ಸ್ಕೇಲಿನ ಗೆರೆಯೇ ದಪ್ಪವಿರುವುದರಿಂದ ಗೆರೆಯ ಯಾವ ಬದಿಗೆ ಬಟ್ಟೆ ತಾಗಿಸುತ್ತೀರೆಂದು ಮೊದಲೇ ನಿಶ್ಚಯಿಸಿ. ಟೈಲರಿನ ಟೇಪು ಎಳೆದರೆ ಹಿಗ್ಗುವಂಥದ್ದು, ಈ ಕೆಲಸಕ್ಕೆ ಬೇಡ. ಸೆಂಟಿಮೀಟರ್ ಲೆಕ್ಕದ ವಿನ್ಯಾಸವನ್ನು ಇಂಚಿನ ಜೊತೆ ಬೆರೆಸಬೇಡಿ. ಕಾಲು ಇಂಚು 6.35 ಮಿಲಿಮೀಟರ್, ಅದನ್ನು ಆರು ಎಂದು ಬಗೆದರೆ ತಪ್ಪು ಅಲ್ಲಿಂದಲೇ ಶುರು. ಇಸ್ತ್ರಿಯ ವಿಷಯದಲ್ಲಿ ಅಂಗಿಗೆ ಉಜ್ಜಿದಂತೆ ಇಲ್ಲಿ ಉಜ್ಜುವಂತಿಲ್ಲ. ಮೊದಲು ಹೊಲಿಗೆಯನ್ನು ಮುಚ್ಚಿದಂತೆಯೇ ಇಟ್ಟು ಒಮ್ಮೆ ಒತ್ತಿ. ದಾರ ಬಟ್ಟೆಯಲ್ಲಿ ಕೂರುತ್ತದೆ. ಆಮೇಲೆ ಬಿಡಿಸಿ, ಪೆಟ್ಟಿಗೆಯನ್ನು ಎತ್ತಿ ಇಟ್ಟು, ಎತ್ತಿ ಇಟ್ಟು ಒತ್ತಿ. ಹೊಲಿಗೆಯ ಪಕ್ಕದಲ್ಲಿ ಬಿಡಿಸಿಕೊಳ್ಳದೆ ಉಳಿದ ಸಣ್ಣ ಮಡಿಕೆಯೊಂದೇ ಸಾಕು, ಬ್ಲಾಕ್ ಚಿಕ್ಕದಾಗಲು. ಟೇಪನ್ನು ಎಷ್ಟು ಸರಿಸಿದರೂ ಅದು ಸರಿಹೋಗದು. ನೈನ್ ಪ್ಯಾಚಿನಲ್ಲಿ ಮೇಲಿನ ಮತ್ತು ಕೆಳಗಿನ ಸಾಲಿನ ಮಾರ್ಜಿನ್ನುಗಳನ್ನು ಹೊರಕ್ಕೆ, ನಡುಸಾಲಿನದನ್ನು ಒಳಕ್ಕೆ ಒತ್ತಿದರೆ ಸಾಲು ಕೂಡಿಸುವಾಗ ಎರಡರ ಉಬ್ಬುಗಳು ಎದುರುಬದುರಾಗಿ ಕಚ್ಚಿಕೊಂಡು ಮೂಲೆಗಳು ತಾವಾಗಿ ಹೊಂದುತ್ತವೆ.

ಚೌಕದಿಂದ ತ್ರಿಕೋನಕ್ಕೆ ಹೋದಾಗ ಈ ಎಲ್ಲದರ ಬೆಲೆ ಕಾಣುತ್ತದೆ. ಒಂದು ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ ಎರಡು ತ್ರಿಕೋನ ಮಾಡುವಾಗ, ಬೇಕಾದ ಗಾತ್ರಕ್ಕೆ 7/8 ಇಂಚು ಸೇರಿಸಿ ಎಂದು ವಿನ್ಯಾಸಗಳು ಹೇಳುತ್ತವೆ. ಇದು ಯಾರೋ ರೂಢಿಗೆ ತಂದ ಸಂಖ್ಯೆಯಲ್ಲ. ಎರಡು ನೇರ ಬದಿಗೆ ಕಾಲು ಕಾಲು ಇಂಚು; ಓರೆ ಬದಿಗೆ ಬಿಟ್ಟ ಕಾಲು ಇಂಚು ನೇರ ಅಂಚಿನ ಉದ್ದಕ್ಕೆ ಅಳೆದಾಗ ಎರಡರ ವರ್ಗಮೂಲದಷ್ಟು ಪಟ್ಟು ಹಿಗ್ಗಿ 0.354 ಇಂಚು ಆಗುತ್ತದೆ. ಮೂರೂ ಕೂಡಿದರೆ 0.854, ಸ್ಕೇಲಿನಲ್ಲಿ ಸಿಗುವ ಹತ್ತಿರದ ಗೆರೆ 7/8, ಅಂದರೆ 0.875. ಹೀಗೆ ಕಾಲು ಇಂಚು ವಿನ್ಯಾಸದ ಪ್ರತಿ ಸಂಖ್ಯೆಯೊಳಗೂ ಕೂತಿದೆ. ‘ನನ್ನದು ಸ್ವಲ್ಪ ಅಗಲದ ಹೊಲಿಗೆ, ಅದಕ್ಕೆ ತಕ್ಕಂತೆ ಕತ್ತರಿಸಿಕೊಳ್ಳುತ್ತೇನೆ’ ಎನ್ನುವವರು ಚೌಕಕ್ಕೂ ತ್ರಿಕೋನಕ್ಕೂ ಬೇರೆ ಬೇರೆ ಲೆಕ್ಕ ಹಾಕಬೇಕಾಗುತ್ತದೆ. ನನ್ನ ಸಲಹೆ ಬೇರೆ: ತ್ರಿಕೋನಗಳಿಗೆ 7/8ರ ಬದಲು ಒಂದಿಂಚು ಸೇರಿಸಿ ಕತ್ತರಿಸಿ, ಹೊಲಿದು ಒತ್ತಿದ ಮೇಲೆ ಸ್ಕೇಲಿನ 45 ಡಿಗ್ರಿ ಗೆರೆಯನ್ನು ಹೊಲಿಗೆಯ ಮೇಲಿಟ್ಟು ಸರಿಯಾದ ಚೌಕಕ್ಕೆ ಅಂಚು ತೆಗೆಯಿರಿ. ಓರೆಗೆ ಕತ್ತರಿಸಿದ, ಟೈಲರುಗಳು ಕ್ರಾಸ್ ಎನ್ನುವ ಅಂಚು ಮುಟ್ಟಿದರೆ ಹಿಗ್ಗುತ್ತದೆ. ಬಟ್ಟೆಗೆ ಕತ್ತರಿಸುವ ಮೊದಲೇ ಗಂಜಿ ಹಾಕಿ ಒಣಗಿಸಿದರೆ ಅರ್ಧ ತೊಂದರೆ ಅಲ್ಲೇ ನಿಲ್ಲುತ್ತದೆ.

ಇಲ್ಲಿ ಇನ್ನೊಂದು ಆಕ್ಷೇಪ ಏಳುತ್ತದೆ. ತ್ರಿಕೋನಕ್ಕೆ ಅಂಚು ತೆಗೆಯಬಹುದಾದರೆ, ಇಡೀ ಬ್ಲಾಕನ್ನೇ ಕೊನೆಗೆ ಒಂದೇ ಗಾತ್ರಕ್ಕೆ ಕತ್ತರಿಸಿ ಮುಗಿಸಬಾರದೇಕೆ? ಸಾಟೂತ್ ಸ್ಟಾರ್ ಎಂಬ ನಕ್ಷತ್ರದ ಬ್ಲಾಕ್ ಇದಕ್ಕೆ ಉತ್ತರ. ಅದರ ಎಂಟು ಮೊನೆಗಳೂ ಬ್ಲಾಕಿನ ಹೊರಅಂಚಿನಿಂದ ಕಾಲು ಇಂಚು ಒಳಗೆ ಮುಗಿಯಬೇಕು. ಪಕ್ಕದ ಬ್ಲಾಕಿನ ಹೊಲಿಗೆ ಆ ಮೊನೆಯನ್ನು ಮುಟ್ಟಿಕೊಂಡೇ ಹೋಗುತ್ತದೆ. ದೊಡ್ಡದಾದ ಬ್ಲಾಕನ್ನು ಕತ್ತರಿಸಿ ಚಿಕ್ಕದು ಮಾಡಿದರೆ ಆ ಕಾಲು ಇಂಚೇ ಹೋಗುತ್ತದೆ, ಮುಂದಿನ ಹೊಲಿಗೆ ಮೊನೆಯನ್ನು ಮೊಂಡು ಮಾಡುತ್ತದೆ. ಚಿಕ್ಕದಾದ ಬ್ಲಾಕಿಗಂತೂ ಕತ್ತರಿ ಏನೂ ಮಾಡಲಾರದು. ಒಳಗೆ ಒಂದೇ ಹೊಲಿಗೆ ಇರುವ ತುಂಡಿಗೆ ಅಂಚು ತೆಗೆಯುವುದು ನ್ಯಾಯ. ಹತ್ತಾರು ಹೊಲಿಗೆಯ ಬ್ಲಾಕಿಗೆ ಮಾಡಿದರೆ ತಪ್ಪೆಲ್ಲ ಹೊರಸುತ್ತಿನ ತುಂಡುಗಳ ತಲೆಗೆ ಬೀಳುತ್ತದೆ. ಮೊನೆ ಉಳಿಸಿಕೊಳ್ಳಲು ಕಣ್ಣಿಗೆ ಒಂದು ಗುರಿಯಿದೆ: ಹಿಂಬದಿಯಲ್ಲಿ ಎರಡು ಹೊಲಿಗೆಗಳು ಕತ್ತರಿಯಾಕಾರದಲ್ಲಿ ದಾಟುವ ಬಿಂದು. ಆ ತುಂಡು ಮೇಲೆ ಬರುವಂತೆ ಇಟ್ಟು, ಆ ಬಿಂದುವಿನ ಒಂದೆಳೆ ಹೊರಗೆ, ಅಂಚಿನ ಕಡೆಗೆ ಸೂಜಿ ಹಾಯಿಸಿ. ಅಲ್ಲಿ ಟೇಪಿಗೂ ಬಿಂದುವಿಗೂ ತಾಳೆಯಾಗದಿದ್ದರೆ ಬಿಂದುವಿನ ಮಾತು ಕೇಳಿ.

ಕೊನೆಯ ಆಕ್ಷೇಪವನ್ನು ಗೌರವದಿಂದಲೇ ಎದುರಿಸಬೇಕು, ಏಕೆಂದರೆ ಅದು ನಮ್ಮ ನೆಲದ್ದು. ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಹೊಲಿದವರು, ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಕವಂದಿ ಹೊಲಿಯುವ ಸಿದ್ದಿ ಹೆಣ್ಣುಮಕ್ಕಳು ಸ್ಕೇಲ್ ಹಿಡಿದವರಲ್ಲ; ಅವರ ಹೊದಿಕೆಗಳು ಕೆಟ್ಟಿವೆಯೇ? ಕೆಟ್ಟಿಲ್ಲ, ಅವು ನೋಡಲು ಅಪೂರ್ವ. ಆದರೆ ಅವರ ಕಟ್ಟುವ ಕ್ರಮ ಬೇರೆ. ಕವಂದಿ ಅಂಚಿನಿಂದ ಶುರುವಾಗಿ ಒಳಕ್ಕೆ ಬೆಳೆಯುತ್ತದೆ. ಕೆಳಗೆ ಹಾಸಿದ ಬಟ್ಟೆಯ ಮೇಲೆ ತುಂಡನ್ನಿಟ್ಟು, ಅಂಚು ಮಡಚಿ, ಎಲ್ಲ ಪದರ ಸೇರಿಸಿ ಕೈಯಿಂದ ಸಾಲುಹೊಲಿಗೆ ಹಾಕುತ್ತಾರೆ. ಮುಂದಿನ ತುಂಡನ್ನು ಆರಿಸುವುದು ಉಳಿದ ಜಾಗ ನೋಡಿ. ಪ್ರತಿ ತುಂಡಿಗೂ ಹೊಸದಾಗಿ ಅಳತೆ ನಡೆಯುತ್ತದೆ, ಕಣ್ಣಿನಿಂದ. ಹಿಂದಿನ ತುಂಡಿನ ಹೆಚ್ಚುಕಡಿಮೆ ಮುಂದಿನದಕ್ಕೆ ದಾಟುವುದೇ ಇಲ್ಲ. ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್‌ನ ಕಪ್ಪು ಮಹಿಳೆಯರ ಕ್ವಿಲ್ಟುಗಳು 2002ರಲ್ಲಿ ಹ್ಯೂಸ್ಟನ್‌ನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಪ್ರದರ್ಶನಗೊಂಡವು. ಅವುಗಳಲ್ಲಿ ಹಲವು ಹೀಗೆಯೇ, ಹೊಲಿಯುತ್ತ ಹೋದಂತೆ ಕತ್ತರಿಸಿ ಹೊಂದಿಸಿದವು. ಅಂಥ ಸ್ವಾತಂತ್ರ್ಯ ಬೇಕೆನಿಸಿದರೆ ಆ ದಾರಿಯನ್ನೇ ಪೂರ್ತಿ ಹಿಡಿಯುವುದು ಉತ್ತಮ. ಎಲ್ಲ ತುಂಡುಗಳನ್ನೂ ಮೊದಲೇ ಕತ್ತರಿಸಿ ಗುಡ್ಡೆ ಹಾಕಿಕೊಂಡು, ಬ್ಲಾಕ್ ಬ್ಲಾಕಾಗಿ ಹೊಲಿದು, ಕೊನೆಗೆ ಕೂಡಿಸುವ ಕ್ರಮಕ್ಕೆ ಕೈ ಹಾಕಿದ ಮೇಲೆ ತಪ್ಪನ್ನು ನಡುವೆ ಸರಿಪಡಿಸುವ ಕಣ್ಣಿಗೆ ಅವಕಾಶವೇ ಸಿಗುವುದಿಲ್ಲ. ಆ ಕೆಲಸವನ್ನು ಮಾರ್ಜಿನ್ನೇ ಮಾಡಬೇಕು.

ಬ್ಲಾಕುಗಳನ್ನೆಲ್ಲ ಹೊಲಿದಾದ ಮೇಲೆ ಈ ಲೇಖನ ಓದುತ್ತಿರುವವರು ಮೊದಲು ಅವನ್ನು ಅಳೆದು ಬೇರೆ ಬೇರೆ ಗುಂಪು ಮಾಡಿ. ಹನ್ನೆರಡು ಇಂಚಿನ ಎರಡು ಬ್ಲಾಕುಗಳ ನಡುವೆ 1/8 ಇಂಚಿನವರೆಗಿನ ವ್ಯತ್ಯಾಸವಿದ್ದರೆ ಬಿಚ್ಚುವುದು ಬೇಡ: ಎರಡು ತುದಿ ಮತ್ತು ನಡುವೆ ಗುಂಡುಪಿನ್ನು ಚುಚ್ಚಿ, ದೊಡ್ಡ ಬ್ಲಾಕನ್ನು ಕೆಳಗೆ, ಹಲ್ಲಿನ ಬದಿಗೆ ಇಟ್ಟು ಹೊಲಿಯಿರಿ. ಹಲ್ಲು ಕೆಳಗಿನ ಬಟ್ಟೆಯನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಾಗಿ ಒಳಗೆಳೆದುಕೊಂಡು ಸರಿದೂಗಿಸುತ್ತದೆ. ಅದಕ್ಕಿಂತ ಹೆಚ್ಚು ಚಿಕ್ಕದಾದ ಬ್ಲಾಕಿನಲ್ಲಿ ಮೊದಲು ಮಡಿಕೆ ಪೂರ್ತಿ ಬಿಡಿಸಿಕೊಂಡಿದೆಯೇ ನೋಡಿ, ಮತ್ತೊಮ್ಮೆ ಇಸ್ತ್ರಿ ಒತ್ತಿ ಅಳೆಯಿರಿ. ಆಗಲೂ ಕಡಿಮೆಯಿದ್ದರೆ ಒಳಗಿನ ಹೊಲಿಗೆಗಳಲ್ಲಿ ಅತಿ ಅಗಲವಾದದ್ದನ್ನು ಹುಡುಕಿ, ಅದೊಂದನ್ನು ಬಿಚ್ಚಿ, ಅಂಚಿನ ಕಡೆಗೆ ಸರಿಸಿ ಹೊಲಿಯಬಹುದು. ಹಳೆಯ ಹೊಲಿಗೆಯ ತೂತುಗಳು ಆಗ ಮೇಲ್ಬದಿಗೆ ಬರುತ್ತವೆ. ಸಾಮಾನ್ಯ ಹತ್ತಿ ಬಟ್ಟೆಯಾದರೆ ಸ್ವಲ್ಪ ನೀರು ಚಿಮುಕಿಸಿ ಉಗುರಿನಿಂದ ಉಜ್ಜಿದರೆ ಎಳೆಗಳು ಮತ್ತೆ ಕೂಡಿಕೊಳ್ಳುತ್ತವೆ. ರೇಷ್ಮೆಯಲ್ಲಿ, ಒತ್ತಾಗಿ ನೇಯ್ದ ಬಾಟಿಕ್ ಬಟ್ಟೆಯಲ್ಲಿ ಆ ತೂತುಗಳು ಹಾಗೆಯೇ ಉಳಿಯುವುದುಂಟು. ಹಳೆಯ ರೇಷ್ಮೆ ಸೀರೆಯಿಂದ ಕ್ವಿಲ್ಟ್ ಹೊಲಿಯುವವರು ಮೂರು ಪಟ್ಟಿಯ ಪರೀಕ್ಷೆಯನ್ನು ಅದೇ ಸೀರೆಯ ಚೂರಿನ ಮೇಲೆ ಮಾಡಿ, ನಡುಪಟ್ಟಿ ಒಂದಿಂಚು ಬಂದ ಮೇಲೆಯೇ ಮೊದಲ ಚೌಕ ಕತ್ತರಿಸಬೇಕು.